ಸೊಹ್ರಾದ ಬೆಟ್ಟದಲ್ಲಿ ಮಗಳ ಜೊತೆ ಸೇವೆಗೆ ಹೋದದ್ದು

ಮೇಘಾಲಯದಿಂದ ಬಂದಾಗಿನಿಂದ ಚರ್ಚಿನಲ್ಲಿ, ನೆಂಟರ ಮನೆಯಲ್ಲಿ ಎಲ್ಲ ಕಡೆ ಒಂದೇ ಪ್ರಶ್ನೆ, ಮಗಳು ಹೇಗಿದ್ದಾಳೆ, ನೀವಿಬ್ರು ಅಲ್ಲಿ ಎಂತ ಮಾಡಿದ್ರಿ ಅಂತ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳ್ಲಿಕ್ಕೆ ಆಗುವುದಿಲ್ಲ, ಅದಕ್ಕೆ ಒಮ್ಮೆ ಕೂತು ಬರೆಯುವ ಅಂತ ಮನಸ್ಸು ಮಾಡಿದೆ.

ಮಗಳು ನರ್ಸಿಂಗ್ ಮುಗಿಸಿ ಮಿಶನ್ ಸೇವೆಗೆ ಸೇರಿದವಳು. ಈಗ ಸೊಹ್ರಾ ಹತ್ತಿರ ಒಂದು ಹಳ್ಳಿಯಲ್ಲಿ ಚರ್ಚಿನವರು ನಡೆಸುವ ಸಣ್ಣ ಕ್ಲಿನಿಕ್‌ನಲ್ಲಿ ಇದ್ದಾಳೆ. ಸೊಹ್ರಾ ಅಂದ್ರೆ ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ಚಿರಾಪುಂಜಿ. ಅವಳ ಜೊತೆ ಕಲಿತವರೆಲ್ಲ ಕುವೈತ್, ಐರ್ಲೆಂಡ್ ಅಂತ ಹೋದರು, ಇವಳು ಮಾತ್ರ ಬೆಟ್ಟದ ಮೇಲೆ ಹೋಗ್ತೇನೆ ಅಂದಾಗ ನಾನು ತುಂಬಾ ಅತ್ತದ್ದು ಉಂಟು. ಕೆಲವರು ಕೇಳ್ತಾರೆ, ಅಲ್ಲಿ ಎಲ್ಲರೂ ಕ್ರೈಸ್ತರೇ ಅಲ್ವಾ, ಇನ್ನು ಯಾವ ಮಿಶನ್ ಅಂತ. 2011ರ ಜನಗಣತಿಯಲ್ಲಿ ಆ ರಾಜ್ಯದಲ್ಲಿ ನೂರಕ್ಕೆ 74ಕ್ಕಿಂತ ಜಾಸ್ತಿ ಕ್ರೈಸ್ತರು ಅನ್ನುವುದು ಸರಿ. ಆದ್ರೆ ರಸ್ತೆ ಇಲ್ಲದ ಹಳ್ಳಿಗೆ ಇಳಿದು ಬಸುರಿ ಹೆಂಗಸರ ಬಿಪಿ ನೋಡ್ಲಿಕ್ಕೆ, ಮಕ್ಕಳ ತೂಕ ಬರೆದಿಡ್ಲಿಕ್ಕೆ ಯಾರಾದರೂ ಬೇಕಲ್ಲ, ಅದೇ ಅವಳ ಮಿಶನ್.

ಈ ಸಲ ಹೊರಡುವ ಮೊದಲೇ ನಾವು ಅವಳಿಗೆ ಹೇಳಿದೆವು, ನೋಡಿ ಹೋಗ್ಲಿಕ್ಕೆ ಬರುವುದಲ್ಲ ಮಗ, ನಮಗೂ ಕೆಲಸ ಕೊಡು ಅಂತ. ವಾಟ್ಸಾಪಿನಲ್ಲಿ ಎರಡು ಸಾಲು ಬಂತು, "ಪಪ್ಪನಿಗೆ ನೀರಿನ ಟ್ಯಾಂಕು. ಅಮ್ಮನಿಗೆ ಕರ್ಟನ್ ಮತ್ತೆ ಮಕ್ಕಳ ಟೊಪ್ಪಿ." ಇವರು ರಿಟೈರ್ ಆಗುವವರೆಗೆ ನೀರು ಸರಬರಾಜಿನಲ್ಲಿ ಫಿಟ್ಟರ್ ಆಗಿದ್ದವರು, ನಾನು ಮನೆಯಲ್ಲೇ ಹೊಲಿಗೆ ಮಾಡುವವಳು. ಸರಿಯಾಗಿ ನೋಡಿಯೇ ಹಂಚಿದ್ದಾಳೆ.

ಶುಕ್ರವಾರ, ಗುವಾಹಟಿಯಿಂದ ಶಿಲ್ಲಾಂಗ್

ಬೆಳಿಗ್ಗೆ ಬೇಗ ಮಂಗಳೂರಲ್ಲಿ ವಿಮಾನ ಹತ್ತಿ ಬೆಂಗಳೂರಲ್ಲಿ ಬದಲಿಸಿ ಮಧ್ಯಾಹ್ನ ಗುವಾಹಟಿ. ಮೂರು ಬ್ಯಾಗಲ್ಲಿ ಎರಡು ಬಂತು, ಒಂದು ಬರ್ಲಿಲ್ಲ. ಬಾರದ್ದು ಯಾವುದು ಅಂದ್ರೆ ಕುಚ್ಚಲಕ್ಕಿ, ಒಣಮೀನು, ನನ್ನ ಕತ್ತರಿ, ನೂಲು, ಫ್ಲಾನೆಲ್ ಬಟ್ಟೆ ಎಲ್ಲ ಇದ್ದ ಬ್ಯಾಗು. ಫಾರಂ ತುಂಬಿಸಿ ಕೊಟ್ಟು ಹೊರಗೆ ಬರುವಾಗ ತಡವಾಯ್ತು, ಮಗಳು ಗೇಟಿನ ಹತ್ತಿರ ನಿಂತು ಕೈ ಬೀಸ್ತಾ ಇದ್ಳು. ಸಪೂರ ಆಗಿದ್ದಾಳೆ, ಆದ್ರೆ ಮುಖ ಚೆನ್ನಾಗಿ ಉಂಟು. ಹೋಗುವವರು ಯಾರಾದ್ರೂ ಇದ್ರೆ ಬೇಕಾದ ಸಾಮಾನು ಒಂದೇ ಬ್ಯಾಗಲ್ಲಿ ಹಾಕ್ಬೇಡಿ, ಎರಡು ಮೂರರಲ್ಲಿ ಹಂಚಿ ಹಾಕಿ. ಮತ್ತೆ ಮೇಘಾಲಯಕ್ಕೆ ಅರುಣಾಚಲ, ನಾಗಾಲ್ಯಾಂಡಿನ ಹಾಗೆ ಒಳಗೆ ಹೋಗುವ ಪರ್ಮಿಟ್ ಎಲ್ಲ ಬೇಡ, ಆಧಾರ್ ಕಾರ್ಡ್ ಇದ್ರೆ ಆಯ್ತು.

ಶಿಲ್ಲಾಂಗಿಗೆ ಸುಮಾರು 100 ಕಿಲೋಮೀಟರ್. ಜೋರಾಬಾಟ್ ದಾಟಿದ ಮೇಲೆ ಬೆಟ್ಟ ಸುರು, ರಸ್ತೆ ಮಾತ್ರ ಅಗಲ, ಒಳ್ಳೆದಾಗಿ ಉಂಟು. ನೊಂಗ್ಪೋದಲ್ಲಿ ಊಟಕ್ಕೆ ನಿಲ್ಲಿಸಿದ್ದು. ಹಂದಿ ಮಾಂಸ ಹಾಕಿ ಬೇಯಿಸಿದ ಅನ್ನ, ಅದಕ್ಕೆ ಜಾದೋ ಅಂತಾರೆ, ಕಪ್ಪು ಎಳ್ಳು ಅರೆದು ಮಾಡಿದ ಹಂದಿ ಸಾರು, ಪಕ್ಕದಲ್ಲಿ ಕಣಿಲೆ, ಅಂದ್ರೆ ಎಳೆ ಬಿದಿರಿನ ಉಪ್ಪಿನಕಾಯಿ. ಕಣಿಲೆ ನೋಡಿ ನನಗೆ ಆಷಾಢದ ನಮ್ಮ ಅಡಿಗೆಮನೆ ನೆನಪಾಯ್ತು. ಅಂಗಡಿಯ ಹೆಂಗಸು ಮಗಳ ಹತ್ತಿರ ಖಾಸಿಯಲ್ಲಿ ಎಂತದೋ ಕೇಳಿದ್ಳು, ಇವಳು ಅದೇ ಭಾಷೆಯಲ್ಲಿ ಪಟಪಟ ಉತ್ತರ ಕೊಟ್ಳು. ಚಿಕ್ಕದಿರುವಾಗ ಅಂಗಡಿಗೆ ಹೋಗಿ ಸಕ್ಕರೆ ಕೇಳ್ಲಿಕ್ಕೂ ನಾಚಿಕೊಳ್ತಿದ್ದ ಹುಡುಗಿ ಇವಳು. ಇವರು ಊಟ ಬಿಟ್ಟು ಅವಳನ್ನೇ ನೋಡ್ತಾ ಕೂತರು.

ಉಮಿಯಾಮ್ ಸರೋವರ ದಾಟುವಾಗ ಇನ್ನೂ ನಾಲ್ಕೂವರೆ, ಅಷ್ಟರಲ್ಲೇ ಸೂರ್ಯ ಮುಳುಗಿ ಆಯ್ತು. ನವೆಂಬರಿನಲ್ಲಿ ಅಲ್ಲಿ ಐದು ಗಂಟೆಗೆಲ್ಲ ಕತ್ತಲು, ಬೆಳಕಾಗುವುದೂ ಬೇಗ, ನಮ್ಮ ಕಡೆಯ ಲೆಕ್ಕ ಹಿಡ್ಕೊಂಡು ಸಂಜೆಗೆ ಅಂತ ಕೆಲಸ ಇಟ್ಟುಕೊಂಡ್ರೆ ಆಗುವುದಿಲ್ಲ. ಶಿಲ್ಲಾಂಗಿನ ಟ್ರಾಫಿಕ್ಕಲ್ಲಿ ಒಂದು ಗಂಟೆ ಹೋಯ್ತು. ಚರ್ಚಿನ ಗೆಸ್ಟ್ ಹೌಸಲ್ಲಿ ಮೂರು ಕಂಬಳಿ ಹೊದ್ದು ಮಲಗಿದ್ದು.

ಶನಿವಾರ, ಸೊಹ್ರಾ ರಸ್ತೆ

ಬೆಳಿಗ್ಗೆ ಮಗಳಿಗೆ ರಾಬರ್ಟ್ಸ್ ಆಸ್ಪತ್ರೆಯಲ್ಲಿ ಸ್ವಲ್ಪ ಕೆಲಸ ಇತ್ತು, ನಾವೂ ಹೋದೆವು. ವೆಲ್ಷ್ ಮಿಶನಿನ ಡಾಕ್ಟರ್ ಗಾರ್ಡನ್ ರಾಬರ್ಟ್ಸ್ ಅವರು ಸುರು ಮಾಡಿದ್ದು, 1922ರಲ್ಲಿ. ನಾನು ಹುಟ್ಟಿದ್ದು ಉಡುಪಿಯ ಮಿಶನ್ ಆಸ್ಪತ್ರೆಯಲ್ಲಿ, ಅದು ಸ್ವಿಟ್ಜರ್ಲೆಂಡಿನ ಡಾಕ್ಟರ್ ಈವಾ ಲೊಂಬಾರ್ಡ್ 1923ರಲ್ಲಿ ಸುರು ಮಾಡಿದ್ದು. ದೇಶದ ಎರಡು ಮೂಲೆಯಲ್ಲಿ ಒಂದೇ ವರ್ಷದ ಅಂತರ. ಆ ವರಾಂಡದಲ್ಲಿ ಕೂತಾಗ ನನಗೆ ಹಾಗೆ ದೂರದಿಂದ ಬಂದವರ ತಾಯಂದಿರದ್ದೇ ಯೋಚನೆ. 1834ರಲ್ಲಿ ನಮ್ಮ ಮಂಗಳೂರಿಗೆ ಬಂದ ಬಾಸೆಲ್ ಮಿಶನಿನ ಮೂವರಾಗಲಿ, 1841ರಲ್ಲಿ ಸೊಹ್ರಾಕ್ಕೆ ಬಂದ ವೇಲ್ಸಿನ ಮಿಶನರಿ ಥಾಮಸ್ ಜೋನ್ಸ್ ಆಗಲಿ, ತಿಂಗಳುಗಟ್ಟಲೆ ಹಡಗಿನಲ್ಲಿ ಬಂದವರು. ಥಾಮಸ್ ಜೋನ್ಸ್ ಮತ್ತೆ ವೇಲ್ಸ್ ನೋಡಲೇ ಇಲ್ಲ, 1849ರಲ್ಲಿ ಕಲ್ಕತ್ತದಲ್ಲಿ ತೀರಿಕೊಂಡರು. ಮಗ ಎಲ್ಲಿ ಮಲಗ್ತಾನೆ, ಎಂತ ತಿನ್ನುತ್ತಾನೆ ಅಂತ ಅವರ ತಾಯಿ ಯಾವ ಕಣ್ಣಲ್ಲಿ ನೋಡ್ಬೇಕಿತ್ತು? ನಾವು ಬೆಳಿಗ್ಗೆ ಮಂಗಳೂರಲ್ಲಿ ಚಾ ಕುಡಿದು ಸಂಜೆ ಮಗಳ ಪಕ್ಕ ಕೂತವರು. ಇಷ್ಟಾದರೂ ಸಿಕ್ಕಿತಲ್ಲ ಅಂತ ದೇವರಿಗೆ ಸ್ತೋತ್ರ ಹೇಳಿದೆ.

ಶಿಲ್ಲಾಂಗಿನಿಂದ ಸೊಹ್ರಾ ಐವತ್ತು ಚಿಲ್ಲರೆ ಕಿಲೋಮೀಟರ್. ಮಾಕ್‌ಡೊಕ್ ಸೇತುವೆಯ ಹತ್ತಿರ ಬಂದ್ರೆ ಒಮ್ಮೆಲೇ ಎಡಗಡೆ ನೆಲವೇ ಇಲ್ಲ, ಅಷ್ಟು ಆಳದ ಕಣಿವೆ, ಕೆಳಗಿಂದ ಮಂಜು ಎದ್ದು ಬರ್ತಾ ಉಂಟು. ಅಲ್ಲಿಂದ ಮುಂದೆ ಚಪ್ಪಟೆ ಬೆಟ್ಟ, ಹಳದಿ ಹುಲ್ಲು, ಅಲ್ಲಲ್ಲಿ ಸುಣ್ಣದಕಲ್ಲಿನ ಕೋರೆ, ಹಿರಿಯರ ನೆನಪಿಗೆ ನಿಲ್ಲಿಸಿದ ಉದ್ದುದ್ದ ಕಲ್ಲುಗಳು. ಮರ ಕಮ್ಮಿ. ಇಷ್ಟು ಮಳೆ ಬೀಳುವ ಜಾಗ ಹೀಗೆ ಬೋಳು ಇರ್ತದೆ ಅಂತ ನಾನು ಎಣಿಸಿರ್ಲಿಲ್ಲ, ಆಗುಂಬೆ ಹಾಗೆ ಕಾಡು ಇರಬಹುದು ಅಂತಿದ್ದೆ.

ಕ್ಲಿನಿಕ್ ಅಂದ್ರೆ ಮೂರು ಕೋಣೆ, ತಗಡಿನ ಮಾಡು, ಹಿಂದೆ ಮಗಳು ಮತ್ತೆ ಇನ್ನೊಬ್ಬ ನರ್ಸ್ ಹುಡುಗಿ ಇರುವ ಮನೆ. ನಾವು ಇಳಿಯುವ ಮೊದಲೇ ನಾಲ್ಕೈದು ಹೆಂಗಸರು ಬಂದು ನಿಂತಿದ್ದರು. ಎಲ್ಲರೂ ಮಗಳನ್ನು ಕೊಂಗ್ ಅಂತ ಕರೀತಾರೆ, ಅಕ್ಕ ಅಂದ ಹಾಗೆ, ಅವಳಿಗಿಂತ ದೊಡ್ಡವರೂ ಮರ್ಯಾದೆಗೆ ಹಾಗೇ ಕರೀತಾರೆ. ಒಬ್ಬ ಅಜ್ಜಿ ನನ್ನ ಎರಡೂ ಕೈ ಹಿಡಿದು ತುಂಬಾ ಹೊತ್ತು ಮಾತಾಡಿದ್ಳು, ನನಗೊಂದೂ ಅರ್ಥ ಆಗ್ಲಿಲ್ಲ, ಮಗಳಿಗೆ ಕಣ್ಣು ತುಂಬಿತ್ತು, ಮತ್ತೆ ಹೇಳ್ತೇನೆ ಅಮ್ಮ ಅಂದ್ಳು. ರಾತ್ರಿ ಹೇಳಿದ್ಳು, "ಇಂಥ ಮಗಳನ್ನು ನಮಗೆ ಕೊಟ್ಟಿದ್ದೀಯ, ನಿನ್ನ ಮನೆಯಲ್ಲಿ ಈಗ ಯಾರು ನೀರು ತರ್ತಾರೆ ಅಂತ ಕೇಳಿದ್ರು."

ಭಾನುವಾರ

ಭಾನುವಾರ ಅಲ್ಲಿ ಅಂಗಡಿ ತೆರೆಯುವುದಿಲ್ಲ, ಜನ ಹತ್ತಿಸಿಕೊಂಡು ಹೋಗುವ ಸುಮೋ ಟ್ಯಾಕ್ಸಿ ಓಡುವುದೂ ಅಪರೂಪ. ಹಾಲು, ಮೊಟ್ಟೆ, ಗುಳಿಗೆ ಎಂತ ಬೇಕಿದ್ರೂ ಶನಿವಾರವೇ ತಂದಿಡ್ಬೇಕು.

ಆರಾಧನೆಯಲ್ಲಿ ಮಾತು ತಿಳೀಲಿಲ್ಲ, ಹಾಡಿಗೆ ಮಾತ್ರ ಮೈ ಜುಮ್ ಅಂತು. ವೆಲ್ಷ್ ಮಿಶನರಿಗಳು ಕಲಿಸಿದ ನಾಲ್ಕು ಸ್ವರದ ಹಾಡುಗಾರಿಕೆ, ಪುಸ್ತಕ ಇಲ್ಲದ ಚಿಕ್ಕ ಹುಡುಗರೂ ತಮ್ಮ ತಮ್ಮ ಸ್ವರ ಬಿಡುವುದಿಲ್ಲ. ನಮ್ಮ ಬಾಸೆಲ್ ಮಿಶನ್ ಸಭೆಗಳಲ್ಲೂ ಯುರೋಪಿನ ರಾಗಗಳೇ ಅಲ್ವಾ, ಮೂರನೇ ಹಾಡು ಎತ್ತಿದ ಕೂಡಲೇ ಇವರು ನನ್ನನ್ನು ತಿವಿದರು, ರಾಗ ನಮ್ಮದೇ! ಅವರು ಖಾಸಿಯಲ್ಲಿ, ನಾವಿಬ್ಬರು ಕನ್ನಡದಲ್ಲಿ ಹಾಡಿದೆವು, ಇವರು ಬೇಸ್ ಸ್ವರ ಬಿಟ್ಟು ಎಷ್ಟೋ ವರ್ಷ ಆಗಿತ್ತು, ಅವತ್ತು ಗಂಟಲು ತೆರೆದು ಹಾಡಿದರು. ಮುಗಿದ ಮೇಲೆ ಪಕ್ಕದ ಬೆಂಚಿನ ಗಂಡಸು ಬಂದು ಇವರ ಕೈ ಕುಲುಕಿದ. ಆತ ಬಡಗಿ. ಮರುದಿನ ಬೆಳಿಗ್ಗೆ ಏಣಿ, ಗರಗಸ ಹಿಡ್ಕೊಂಡು ಕ್ಲಿನಿಕ್ ಬಾಗಿಲಲ್ಲಿ ಆತನೇ ನಿಂತಿದ್ದ.

ಊಟ ಸಭೆಯವರ ಮನೆಯಲ್ಲಿ. ಒಣಮೀನು ಸುಟ್ಟು ಮೆಣಸು, ಈರುಳ್ಳಿ ಹಾಕಿ ಗುದ್ದಿದ ಚಟ್ನಿ ಬಂತು, ತುಂಗ್ತಾಪ್ ಅಂತ ಹೆಸರು, ನಾವು ಮಳೆಗಾಲದಲ್ಲಿ ಗಂಜಿಗೆ ಮಾಡುವ ಚಟ್ನಿಯ ವಾಸನೆಯೇ. ನಾನು ಎರಡು ಸಲ ಹಾಕಿಸಿಕೊಂಡೆ, ಮನೆಯ ಹೆಂಗಸಿಗೆ ಆದ ಖುಷಿ ಹೇಳ್ಲಿಕ್ಕಿಲ್ಲ. ಹೊರಗಿನವರು ಮೂಗು ಮುಚ್ಚಿಕೊಳ್ತಾರಂತೆ.

ಸೋಮವಾರ, ಮಂಗಳವಾರ: ನೀರು

1860ರ ಆಗಸ್ಟಿನಿಂದ 1861ರ ಜುಲೈವರೆಗೆ ಸೊಹ್ರಾದಲ್ಲಿ ಬಿದ್ದ ಮಳೆ 26,461 ಮಿಲಿಮೀಟರ್, ಒಂದೇ ವರ್ಷದಲ್ಲಿ ಅಷ್ಟು ಮಳೆ ಎಲ್ಲೂ ಅಳೆದದ್ದಿಲ್ಲ. ಅಂಥ ಊರಲ್ಲಿ ಬೆಳಿಗ್ಗೆ ಆರು ಗಂಟೆಗೆ ಹೆಂಗಸರು, ಮಕ್ಕಳು ಒರತೆಯ ಹತ್ತಿರ ಕ್ಯಾನ್ ಸಾಲಾಗಿ ಇಟ್ಟು ಕಾಯುವುದನ್ನು ನೋಡಿದೆ. ನವೆಂಬರ್ ಬಂತು ಅಂದ್ರೆ ಮಳೆ ಇಲ್ಲ. ಬಿದ್ದದ್ದು ನೆಲದಲ್ಲಿ ನಿಲ್ಲುವುದೂ ಇಲ್ಲ, ಮೇಲ್ಮಣ್ಣು ತೊಳೆದು ಹೋಗಿದೆ, ಕಾಡು ಕಮ್ಮಿ ಆಗಿದೆ, ನೀರೆಲ್ಲ ಕಲ್ಲಿನ ಮೇಲೆ ಹರಿದು ಸೀದಾ ಬಾಂಗ್ಲಾದೇಶದ ಬಯಲಿಗೆ. ಆ ಅಜ್ಜಿ ನಿನ್ನ ಮನೆಗೆ ಯಾರು ನೀರು ತರ್ತಾರೆ ಅಂತ ಯಾಕೆ ಕೇಳಿದ್ಳು ಅಂತ ನನಗೆ ಆಗ ಗೊತ್ತಾದದ್ದು.

ಕ್ಲಿನಿಕ್‌ನಲ್ಲಿ ಎರಡು ದೊಡ್ಡ ಟ್ಯಾಂಕ್ ಇದ್ದವು, ಆದ್ರೆ ಮಾಡಿನ ನೀರು ಹರಿದು ಹೋಗುವ ದಂಬೆ ತುಕ್ಕು ಹಿಡಿದು ನಡುವಲ್ಲಿ ಬಗ್ಗಿತ್ತು, ಅರ್ಧ ನೀರು ಟ್ಯಾಂಕಿಗೆ ಹೋಗದೆ ಅಂಗಳಕ್ಕೆ ಬೀಳ್ತಾ ಇತ್ತಂತೆ. ಇವರು ಮತ್ತೆ ಬಡಗಿ ಇಬ್ಬರೂ ಸೇರಿದರು. ಇವರಿಗೆ ಹಿಂದಿ ಅಷ್ಟಕ್ಕಷ್ಟೆ, ಆತನಿಗೂ ಹಾಗೆಯೇ, ಆದ್ರೆ ಇಳಿಜಾರು ಎಷ್ಟು ಕೊಡ್ಬೇಕು ಅನ್ನುವುದಕ್ಕೆ ಭಾಷೆ ಬೇಕಾಗ್ಲಿಲ್ಲ, ದಾರ ಕಟ್ಟಿ ಕೈಯಲ್ಲೇ ತೋರಿಸಿದರು. ಹಳೆ ದಂಬೆ ತೆಗೆದು ಪಿವಿಸಿ ಪೈಪ್ ಸೀಳಿ ಕೂರಿಸಿದರು, ಮೊದಲ ಮಳೆಯ ಕೊಳಕು ನೀರು ಹೊರಗೆ ಬಿಡ್ಲಿಕ್ಕೆ ಬೇರೆ ತೂತು, ಟ್ಯಾಂಕಿನ ಬಾಯಿಗೆ ಬಲೆ, ಕೆಳಗೆ ಸೋರುವ ಜಾಯಿಂಟ್ ಬಿಚ್ಚಿ ಮತ್ತೆ ಕಟ್ಟಿದ್ದು. ಪೈಪ್ ತಿರುಗಿಸ್ಲಿಕ್ಕೆ ಬೇಕಾದ ಎಲ್ಬೋ ಒಂದು ಸಿಕ್ಕದೆ ಸಂತೆಗೆ ಓಡಿದರು, ಸೊಹ್ರಾದ ದೊಡ್ಡ ಸಂತೆ ಎಂಟು ದಿನಕ್ಕೊಮ್ಮೆ ಆಗುವುದು, ನಮ್ಮ ಪುಣ್ಯಕ್ಕೆ ಮಂಗಳವಾರ ಬಿದ್ದಿತ್ತು. ಚಾ ಹೊತ್ತಿಗೆ ಬಡಗಿ ಮಗಳ ಮೂಲಕ ಹೇಳಿದ, ನಮ್ಮ ಥಾಮಸ್ ಜೋನ್ಸ್ ಕೂಡ ಬಡಗಿಯ ಮಗ, ಇಲ್ಲಿಯವರಿಗೆ ಓದು ಬರಹದ ಜೊತೆ ಮರದ ಕೆಲಸವೂ ಕಲಿಸಿದವರು ಅಂತ. ಖಾಸಿ ಭಾಷೆಯನ್ನು ರೋಮನ್ ಅಕ್ಷರದಲ್ಲಿ ಬರೆಯಲು ಕಲಿಸಿದ್ದು ಅವರೇ, ಜೂನ್ 22 ಆ ರಾಜ್ಯದಲ್ಲಿ ಅವರ ಹೆಸರಿನ ರಜೆ.

ಎಲ್ಲ ಆದ ಮೇಲೆ ಪರೀಕ್ಷೆ ಮಾಡುವ ಅಂದ್ರೆ ನೀರೇ ಇಲ್ಲ. ಕೊನೆಗೆ ಬೆಡ್‌ಶೀಟ್ ತೊಳೆದ ನೀರನ್ನು ಏಣಿ ಹತ್ತಿ ಮಾಡಿನ ಮೇಲೆ ಹೊಯ್ದು ನೋಡಿದ್ದು, ಕೊಳಕು ನೀರಿನ ತೂತಿನವರೆಗೆ ಒಂದು ಹನಿ ಚೆಲ್ಲದೆ ಹೋಯ್ತು.

ಸೋಮವಾರ ಮಧ್ಯಾಹ್ನ ನನ್ನ ಬ್ಯಾಗೂ ಶಿಲ್ಲಾಂಗಿನಿಂದ ಸುಮೋದಲ್ಲಿ ಬಂತು. ಅಷ್ಟರವರೆಗೆ ಬ್ಯಾಂಡೇಜ್ ಕತ್ತರಿಯಲ್ಲೇ ಕರ್ಟನ್ ಕತ್ತರಿಸಿ ಹೆಬ್ಬೆರಳು ಬಾತಿತ್ತು. ಮೆಷಿನ್ ಇದ್ದ ಮನೆಯ ಹುಡುಗಿ ಪಕ್ಕದಲ್ಲೇ ಕೂತು ನೋಡ್ತಾ ಇದ್ದವಳು ಸಂಜೆಗೆ ತಾನೇ ಟೊಪ್ಪಿಗೆ ಪಟ್ಟಿ ಕೊಡ್ಲಿಕ್ಕೆ ಕಲಿತ್ಳು. ಚುರುಕು ಹುಡುಗಿ, ನನ್ನ ಒಂದು ಕತ್ತರಿ ಅವಳಿಗೇ ಬಿಟ್ಟು ಬಂದೆ.

ಬುಧವಾರ, ಮೆಟ್ಟಿಲು

ಬುಧವಾರ ಮಗಳು ಕೆಳಗಿನ ಹಳ್ಳಿಗೆ ಹೋಗುವ ದಿನ. ರಸ್ತೆ ಮುಗಿದಲ್ಲಿಂದ ಕಲ್ಲಿನ ಮೆಟ್ಟಿಲು ಸುರು, ಇಳಿದಷ್ಟೂ ಮುಗಿಯುವುದಿಲ್ಲ. ಇವರನ್ನು ಟ್ಯಾಂಕಿನ ಹತ್ತಿರ ಬಿಟ್ಟು ನಾನು ಬಿದಿರಿನ ಕೋಲು ಹಿಡಿದು ಹೊರಟೆ, ತೂಕದ ಮೆಷಿನ್ ಮಗಳ ಹೆಗಲಲ್ಲಿ, ರಿಜಿಸ್ಟರ್ ನನ್ನ ಕೈಯಲ್ಲಿ. ಮಂಡಿ ನೋವು ಇರುವವರು ಇಳಿಯುವುದಕ್ಕೇ ಹೆದರ್ಬೇಕು, ಹತ್ತುವುದಕ್ಕೆ ದಮ್ಮು ಸಾಕು, ಇಳಿಯುವಾಗ ಮಂಡಿ ನಡುಗ್ತದೆ. ಕೆಳಗೆ ಇಳಿದ ಹಾಗೆ ಚಳಿ ಹೋಗಿ ಸೆಕೆ, ಆಮೇಲೆ ನೋಡಿದ್ರೆ ಅಡಿಕೆ ಮರ, ಮರಕ್ಕೆ ಹಬ್ಬಿದ ವೀಳ್ಯದೆಲೆ, ಹಲಸು, ಕಾಳುಮೆಣಸು! ಮೇಲೆ ಬೋಳು ಬೆಟ್ಟ, ಕೆಳಗೆ ನಮ್ಮ ತೋಟ. ನಾನು ಅಲ್ಲೇ ಒಂದು ಅಡಿಕೆ ಮರ ಮುಟ್ಟಿ ನಿಂತೆ.

ಒಂದು ಮನೆಯ ಜಗಲಿಯಲ್ಲಿ ಹತ್ತಿಪ್ಪತ್ತು ತಾಯಂದಿರು ಮಕ್ಕಳನ್ನು ಹಿಡ್ಕೊಂಡು ಸೇರಿದ್ದರು. ಮಗಳು ತೂಕ ಹೇಳುವುದು, ನಾನು ಬರೆಯುವುದು. ತೂಕ ಇಳಿದ ಮಗುವಿನ ತಾಯಿಗೆ ಅವಳು ಗದರಿಸಲಿಲ್ಲ, ಪಕ್ಕ ಕೂರಿಸಿ ಏನು ಉಣ್ಣಿಸ್ತಾ ಇದ್ದಾಳೆ ಅಂತ ತಾಳ್ಮೆಯಿಂದ ಒಂದೊಂದೇ ಕೇಳಿದ್ಳು. ಮನೆಯಲ್ಲಿ ಇವಳಿಗೆ ಅಷ್ಟು ತಾಳ್ಮೆ ಇದ್ದದ್ದು ನಾನು ಕಂಡದ್ದಿಲ್ಲ. ವರ್ಷಗಟ್ಟಲೆ ಫೋನಲ್ಲಿ ಊಟ ಆಯ್ತಾ, ಚಳಿ ಉಂಟಾ ಅಂತ ಕೇಳಿ ಗೊತ್ತಾಗದ್ದು ಒಂದು ಬೆಳಿಗ್ಗೆ ಅವಳ ಪಕ್ಕ ರಿಜಿಸ್ಟರ್ ಬರೆಯುವಾಗ ಗೊತ್ತಾಯ್ತು. ಅದಕ್ಕೇ ನಾನು ಮಕ್ಕಳು ಸೇವೆಯಲ್ಲಿರುವ ಎಲ್ಲ ತಂದೆ ತಾಯಿಗೆ ಹೇಳುವುದು, ಹೋದರೆ ನೆಂಟರ ಹಾಗೆ ಹೋಗ್ಬೇಡಿ, ಕೈಗೊಂದು ಕೆಲಸ ತಕ್ಕೊಳ್ಳಿ. ನೆಂಟರಾಗಿ ಹೋದರೆ ಮಕ್ಕಳು ಕೆಲಸ ಬಿಟ್ಟು ನಮ್ಮನ್ನು ಜಲಪಾತ ತೋರಿಸ್ಲಿಕ್ಕೆ ಕರ್ಕೊಂಡು ಹೋಗ್ತಾರೆ, ಅವರು ಹೇಗೆ ಬದುಕ್ತಾರೆ ಅಂತ ನಮಗೆ ಕಾಣುವುದೇ ಇಲ್ಲ.

ಹತ್ತುವಾಗ ಅರ್ಧದಲ್ಲಿ ಕೂತೆ. ಹಣೆಗೆ ಪಟ್ಟಿ ಕಟ್ಟಿ ಬೆನ್ನ ಮೇಲೆ ಕಿತ್ತಳೆ ಬುಟ್ಟಿ ಹೊತ್ತ ಹೆಂಗಸೊಬ್ಬಳು, ನನ್ನದೇ ಪ್ರಾಯ ಇರಬಹುದು, ಬುಟ್ಟಿ ಇಳಿಸಿ ಪಕ್ಕದಲ್ಲಿ ಕೂತು ಸೊಂಟದ ಚೀಲದಿಂದ ಕ್ವಾಯ್ ತೆಗೆದು ಕೊಟ್ಳು. ಅವರಲ್ಲಿ ಮನೆಗೆ ಬಂದವರಿಗೂ ದಾರಿಯಲ್ಲಿ ಸಿಕ್ಕವರಿಗೂ ಮೊದಲು ಕೊಡುವುದು ಅದೇ, ಅಡಿಕೆ, ಎಲೆ, ಸುಣ್ಣ. ನಮ್ಮ ಹಾಗೆ ಒಣಗಿಸಿದ ಅಡಿಕೆ ಅಲ್ಲ, ಹಸಿ. ಬಾಯಿಗೆ ಹಾಕಿ ಎರಡು ನಿಮಿಷದಲ್ಲಿ ಕಿವಿ ಬಿಸಿ, ಮೈಯೆಲ್ಲ ಬೆವರು, ತಲೆ ತಿರುಗಿ ಗೋಡೆ ಹಿಡ್ಕೊಂಡೆ. ಆಕೆ ಗಾಬರಿಯಾಗಿ ಒಂದು ಕಿತ್ತಳೆ ಸುಲಿದು ಬಾಯಿಗಿಟ್ಟು ನಾನು ಸರಿ ಆಗುವವರೆಗೆ ಬೆನ್ನು ಸವರ್ತಾ ಕೂತ್ಳು. ಹೊಸಬರು ಸುರುವಿಗೆ ಚೂರೇ ಚೂರು ತಕ್ಕೊಳ್ಳಿ. ಬೇಡ ಅಂತ ಮಾತ್ರ ಹೇಳ್ಬೇಡಿ, ಕೈಯಲ್ಲಿ ತಕ್ಕೊಂಡು ಇಟ್ಟುಕೊಂಡರೂ ಅವರಿಗೆ ಸಂತೋಷ.

ಗುರುವಾರ ರಾತ್ರಿ

ಮಧ್ಯರಾತ್ರಿ ಬಾಗಿಲು ಬಡಿದರು. ಕೆಳಗಿನ ಹಳ್ಳಿಯಲ್ಲಿ ಒಬ್ಬಳಿಗೆ ನೋವು ಸುರುವಾಗಿ ತುಂಬಾ ಹೊತ್ತಾಗಿದೆ, ಹೊತ್ತುಕೊಂಡು ಬರ್ತಾ ಇದ್ದಾರೆ ಅಂತ. ನಾನು ಎದ್ದು ಬರುವಷ್ಟರಲ್ಲಿ ಮಗಳು ಶೂ ಹಾಕಿ ಆಗಿತ್ತು. ಅಷ್ಟು ಕತ್ತಲಲ್ಲಿ ಆ ಮೆಟ್ಟಿಲು. ಬೇಡ ಮಗ ಅಂತ ಬಾಯಿಯವರೆಗೆ ಬಂತು. ಅವಳು ನನ್ನ ಮುಖ ನೋಡಿ, "ಅಮ್ಮ, ಫ್ಲಾಸ್ಕಿಗೆ ಬಿಸಿನೀರು ಹಾಕು, ಎರಡು ಕಂಬಳಿ ತಕ್ಕೊಂಡು ರಸ್ತೆಗೆ ಬಾ, ಪಪ್ಪ ಜೀಪಿನವರನ್ನು ಎಬ್ಬಿಸ್ಲಿ" ಅಂತ ಹೇಳಿ ಟಾರ್ಚ್ ಹಿಡಿದು ಹೊರಟೇ ಹೋದ್ಳು. ಕೆಲಸ ಹೇಳಿದ್ದೇ ಒಳ್ಳೆದಾಯ್ತು, ಹೆದರ್ಲಿಕ್ಕೆ ಪುರುಸೊತ್ತು ಸಿಕ್ಲಿಲ್ಲ.

ರಸ್ತೆಯಲ್ಲಿ ನಿಂತು ಕೆಳಗೆ ನೋಡ್ತಾ ಇದ್ದೆವು, ಮೂರು ನಾಲ್ಕು ಟಾರ್ಚ್ ಬೆಳಕು ನಿಧಾನ ಮೇಲೆ ಬರ್ತಾ ಇತ್ತು. ಬೆತ್ತದ ಕುರ್ಚಿಯಂಥ ಬುಟ್ಟಿಯಲ್ಲಿ ಹೆಂಗಸನ್ನು ಕೂರಿಸಿ ಒಬ್ಬ ಬೆನ್ನ ಮೇಲೆ ಹೊರುವುದು, ಅವ ಸುಸ್ತಾದರೆ ಇನ್ನೊಬ್ಬ. ಮಗಳು ಪಕ್ಕದಲ್ಲೇ ಅವಳ ಕೈ ಹಿಡಿದು ಮಾತಾಡಿಸ್ತಾ ಬರ್ತಾ ಇದ್ಳು. ಜೀಪಿನಲ್ಲಿ ಸೊಹ್ರಾದ ಸರಕಾರಿ ಆಸ್ಪತ್ರೆಗೆ, ಆ ಹುಡುಗಿಯ ತಲೆ ನನ್ನ ಮಡಿಲಲ್ಲಿ. ಅವಳ ತಾಯಿ ಖಾಸಿಯಲ್ಲಿ ಪ್ರಾರ್ಥನೆ ಮಾಡ್ತಾ ಇದ್ಳು, ನಾನು ಕನ್ನಡದಲ್ಲಿ, ಇಬ್ಬರೂ ಗಟ್ಟಿಯಾಗಿಯೇ.

ಬೆಳಕು ಹರಿಯುವ ಹೊತ್ತಿಗೆ ಹೆರಿಗೆ ಆಯ್ತು, ತಾಯಿ ಮಗು ಕ್ಷೇಮ. ಹೆಣ್ಣು ಮಗು ಅಂದಾಗ ಮನೆಯವರ ಸಂಭ್ರಮ ನೋಡ್ಬೇಕಿತ್ತು, ಅಲ್ಲಿ ಕುಲ ನಡೆಯುವುದು ಹೆಣ್ಣುಮಕ್ಕಳಿಂದ, ಮನೆ ಸಿಗುವುದು ಕೊನೆಯ ಮಗಳಿಗೆ. ನಾನು ಹೊಲಿದ ಹಳದಿ ಟೊಪ್ಪಿ ಆ ಮಗುವಿನ ತಲೆಗೆ ಸ್ವಲ್ಪ ದೊಡ್ಡದಾಯ್ತು, ಪಟ್ಟಿ ಕಟ್ಟಿ ಸರಿ ಮಾಡಿದೆ. ಮಗಳು ಬೆಂಚಿನ ಮೇಲೆ ನನ್ನ ಹೆಗಲಿಗೆ ಒರಗಿ ಅಲ್ಲೇ ನಿದ್ದೆ ಹೋದ್ಳು. ಇವಳನ್ನು ಇಲ್ಲಿಂದ ಕರ್ಕೊಂಡು ಹೋಗ್ಬೇಕು ಅಂತ ನನ್ನ ಮನಸ್ಸಿನ ಮೂಲೆಯಲ್ಲಿ ಇದ್ದ ಆಸೆಯನ್ನು ಅವತ್ತು ನಾನೇ ಬಿಟ್ಟೆ. ಅವಳಿಗೆ ಅದನ್ನು ಹೇಳಿಯೂ ಹೇಳಿದೆ, ಊರಿಗೆ ಹೊರಡುವ ಮೊದಲು.

ಶನಿವಾರ, ವಾಪಸ್

ಸಂಜೆ ವಿಮಾನ, ಆದ್ರೆ ಬೆಳಿಗ್ಗೆ ಐದಕ್ಕೇ ಹೊರಟೆವು. ಸೊಹ್ರಾದಿಂದ ಗುವಾಹಟಿಗೆ ಒಂದೇ ದಿನದಲ್ಲಿ ಹೋಗುವವರು ಶಿಲ್ಲಾಂಗ್ ಟ್ರಾಫಿಕ್ಕಿಗೆ ಅಂತಲೇ ಎರಡು ಗಂಟೆ ಜಾಸ್ತಿ ಇಟ್ಟುಕೊಳ್ಳಿ. ಬಡಗಿ ಒಂದು ಬುಟ್ಟಿ ಕಿತ್ತಳೆ ತಂದು ಜೀಪಿನಲ್ಲಿಟ್ಟ, ಕಾಸು ಮುಟ್ಟಲಿಲ್ಲ. ಮಗಳು ಬರ್ಲಿಲ್ಲ, ಅವತ್ತು ಕ್ಲಿನಿಕ್‌ನಲ್ಲಿ ಚುಚ್ಚುಮದ್ದಿನ ದಿನ, ಬಾ ಅಂತ ನಾವೂ ಹೇಳ್ಲಿಲ್ಲ.

ಮನೆಗೆ ಬಂದ ಮೇಲೆ ಇವರದ್ದು ಒಂದೇ ಚಿಂತೆ, ತೊಳೆದ ನೀರಿಗೆ ಸರಿ ಬಂದದ್ದು ಸೊಹ್ರಾದ ಮಳೆಗೆ ತಡೀತದಾ ಅಂತ. ಮಾರ್ಚ್, ಏಪ್ರಿಲಿಗೆ ಅಲ್ಲಿ ಮಳೆ ಸುರು ಆಗ್ತದೆ, ಮೊದಲ ಮಳೆಗೆ ದಂಬೆಯ ವಿಡಿಯೋ ಮಾಡಿ ಕಳಿಸು ಅಂತ ಮಗಳಿಗೆ ಈಗಲೇ ಹೇಳಿಟ್ಟಿದ್ದಾರೆ. ಎರಡು ಎಲ್ಬೋ, ಒಂದು ಬಾಲ್ ವಾಲ್ವ್ ಬೇರೆ ತಂದಿಟ್ಟಿದ್ದಾರೆ, ನಾಡಿದ್ದು ನನ್ನ ಟೊಪ್ಪಿಗಳ ಜೊತೆ ಪಾರ್ಸೆಲ್ ಹೋಗ್ತದೆ. ಈ ಸಲದ ಟೊಪ್ಪಿಗಳಿಗೆ ಅಳತೆ ಚಿಕ್ಕದು ಮಾಡಿದ್ದೇನೆ.